ಮಾತು ಕೇಳಿಸಬೇಕಾದರೆ ಯಾವ ಹೋಂ ಥಿಯೇಟರ್? ಹೇಗೆ ಜೋಡಿಸಬೇಕು?

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನ ಮನೆ. ಹಾಲ್ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. 12 ಅಡಿ ಗೋಡೆಯಲ್ಲಿ 55 ಇಂಚಿನ ಟಿವಿ, ಎದುರು ಗೋಡೆಗೆ ತಾಗಿಸಿ ಸೋಫಾ. ಎಡಗಡೆ ದೊಡ್ಡ ಕಿಟಕಿ, ಬಲಗಡೆ ಊಟದ ಜಾಗಕ್ಕೆ ಪೂರ್ತಿ ತೆರೆದಿದೆ. ಒಟಿಟಿಯಲ್ಲಿ ಸಿನಿಮಾ ಹಾಕಿದರೆ ಮಾತು ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಫೈಟ್ ಬಂದಾಗ ಕಿವಿ ಮುಚ್ಚಿಕೊಳ್ಳಬೇಕು. 70 ದಾಟಿದ ಅಮ್ಮನಿಗಂತೂ ಅರ್ಧ ಮಾತು ತಿಳಿಯುವುದಿಲ್ಲ. ಒಂದು ಲಕ್ಷ ರೂಪಾಯಿ ಒಳಗೆ ಸೌಂಡ್‌ಬಾರ್ ಒಳ್ಳೆಯದೋ, ರಿಸೀವರ್ ಜೊತೆ 5.1 ಸೆಟ್ಟೋ? ತಲೆಯ ಮೇಲಿಂದಲೂ ದನಿ ಬರುವ ಅಟ್ಮಾಸ್ ಬೇಕೇ? ಹಳೆಯ ಡಿವಿಡಿ ಹೋಂ ಥಿಯೇಟರಿನ ಐದು ಸ್ಪೀಕರ್ ಮೂಲೆಯಲ್ಲಿವೆ, ಬಳಸಬಹುದೇ? ಪಕ್ಕದ ಮನೆಗೂ ನಮಗೂ ನಡುವೆ ಮೂರೇ ಅಡಿ ಜಾಗ, ಅವರಿಗೆ ತೊಂದರೆ ಆಗಬಾರದು.

ಉತ್ತರ: ನಿಮ್ಮ ಕೊರತೆ ಮಾತು ಕೇಳಿಸದಿರುವುದು. ಹಾಗಾಗಿ ಹಣವೂ ಶ್ರಮವೂ ಮೊದಲು ಅಲ್ಲಿಗೇ ಹೋಗಲಿ. ರಿಸೀವರ್ (ಟಿವಿಯ ದನಿಯನ್ನು ಪಡೆದು ಸ್ಪೀಕರುಗಳಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ), ಮುಂದಿನ ಎಡ ಮತ್ತು ಬಲ ಸ್ಪೀಕರ್, ಮಧ್ಯದ ಸ್ಪೀಕರ್, ಬೇಸಿಗೆಂದೇ ಒಂದು ಸಬ್‌ವೂಫರ್, ಅಂದರೆ 3.1, ಇಷ್ಟನ್ನು ಈಗ ಗಟ್ಟಿಯಾಗಿ ಮಾಡಿಕೊಳ್ಳಿ. ಹಿಂದಿನ ಎರಡು ಸ್ಪೀಕರನ್ನು ಮುಂದಿನ ವರ್ಷ ಸೇರಿಸಿದರೆ ಏನೂ ನಷ್ಟವಿಲ್ಲ, ರಿಸೀವರ್ 5.1ರದ್ದೇ ಇರುತ್ತದೆ, ತಂತಿ ಎಳೆದಿಟ್ಟರೆ ಸಾಕು. ಒಂದು ಲಕ್ಷವನ್ನು ಈಗಲೇ ಐದು ಸ್ಪೀಕರಿಗೆ ಹಂಚಿದರೆ ಸೊರಗುವುದು ಮಧ್ಯದ ಸ್ಪೀಕರೇ. ಅಮ್ಮನಿಗೆ ಬೇಕಾಗಿರುವುದು ಅದೊಂದೇ.

ಮಾತು ಯಾಕೆ ಮುಳುಗುತ್ತದೆ ಅಂತ ತಿಳಿದರೆ ಅಂಗಡಿಯಲ್ಲಿ ದಾರಿ ತಪ್ಪುವುದಿಲ್ಲ. ಟಿವಿಯ ಸ್ಪೀಕರ್‌ಗಳು ಸಾಮಾನ್ಯವಾಗಿ ಕೆಳಮುಖವಾಗಿಯೋ ಹಿಂದಕ್ಕೆ ತಿರುಗಿಯೋ ಇರುತ್ತವೆ. ದನಿ ಗೋಡೆಗೆ, ಟಿವಿ ಯೂನಿಟ್ಟಿಗೆ ಬಡಿದು ಆಮೇಲೆ ನಿಮ್ಮ ಹತ್ತಿರ ಬರುತ್ತದೆ. ಇನ್ನು 5.1 ಧ್ವನಿಯಲ್ಲಿ ಮಾತಿನ ಬಹುಪಾಲು ಮಧ್ಯದ ಚಾನೆಲ್‌ನಲ್ಲಿರುತ್ತದೆ. ಎರಡೇ ಸ್ಪೀಕರ್ ಇರುವ ಟಿವಿ ಆ ಮಾತನ್ನು ಎಡ-ಬಲಕ್ಕೆ ಹಂಚಿ, ಸಂಗೀತ, ಮಳೆ, ಗಾಡಿ ಸದ್ದು ಎಲ್ಲದರ ಜೊತೆ ಒಂದೇ ಪಾತ್ರೆಗೆ ಸುರಿಯುತ್ತದೆ. ಮೂರನೆಯದು, ಎಲ್ಲರೂ ಮರೆಯುವುದು, ನಿಮ್ಮ ಹಾಲ್. ಟೈಲ್ಸ್ ನೆಲ, ಪ್ಲಾಸ್ಟರ್ ಗೋಡೆ, ಗಾಜಿನ ಕಿಟಕಿ, ಕಾಂಕ್ರೀಟ್ ತಾರಸಿ, ಇವುಗಳಲ್ಲಿ ಒಂದೂ ದನಿಯನ್ನು ಹೀರುವುದಿಲ್ಲ. ಒಂದು ಅಕ್ಷರದ ಬಾಲ ಮುಗಿಯುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಕೂರುತ್ತದೆ.

ಹಾಲ್ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆ ಅಲ್ಲೇ ಸತ್ತರೆ ಸರಿ. 'ಝಿಂಯ್' ಅಂತ ಸ್ಪ್ರಿಂಗ್ ಎಳೆದ ಹಾಗೆ ಬಾಲ ಬಂದರೆ, ಎರಡು ಗಟ್ಟಿ ಮೇಲ್ಮೈಗಳ ನಡುವೆ ದನಿ ಚೆಂಡಿನ ಹಾಗೆ ಪುಟಿಯುತ್ತಿದೆ ಅಂತ ಅರ್ಥ. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಈ ತೊಂದರೆ ಕಡಿಮೆ, ಇಳಿಜಾರು ಮಾಡು ದನಿಯನ್ನು ಚೆದುರಿಸುತ್ತದೆ. ಈಗಿನ ಟೈಲ್ಸ್ ಮನೆಗಳಲ್ಲಿ ತಪ್ಪಿದ್ದಲ್ಲ.

ಕೊಳ್ಳುವುದಕ್ಕೆ ಮೊದಲು ಕಾಸಿಲ್ಲದ ಎರಡು ಕೆಲಸ. ಸಿನಿಮಾ ಆಡುವಾಗ ಆ್ಯಪ್‌ನ ಆಡಿಯೊ ಪಟ್ಟಿ ತೆರೆದು ನೋಡಿ. ಒಂದೇ ಚಿತ್ರದ ಒಂದು ಭಾಷೆಯ ಟ್ರ್ಯಾಕ್ 5.1, ಇನ್ನೊಂದು ಬರೀ ಸ್ಟೀರಿಯೊ ಇರುವುದುಂಟು. ಟಿವಿಯ ಸೌಂಡ್ ಮೋಡ್ 'ಸ್ಟ್ಯಾಂಡರ್ಡ್' ಅಥವಾ 'ಸಿನಿಮಾ' ಇದ್ದರೆ ದನಿ ಸ್ಪಷ್ಟ ಮಾಡುವ 'ಕ್ಲಿಯರ್ ವಾಯ್ಸ್' ಬಗೆಯ ಆಯ್ಕೆಗೆ ಬದಲಿಸಿ ಒಂದು ವಾರ ನೋಡಿ. ಪೂರ್ತಿ ಪರಿಹಾರವಲ್ಲ, ಆದರೆ ಎಷ್ಟು ವ್ಯತ್ಯಾಸ ಬಂತು ಅನ್ನುವುದು ನಿಮ್ಮ ತೊಂದರೆಯ ಗಾತ್ರ ಹೇಳುತ್ತದೆ.

ಅಮ್ಮನ ವಿಷಯ ಬೇರೆಯಾಗಿಯೇ ಹೇಳಬೇಕು. ವಯಸ್ಸಾದಂತೆ ಮೊದಲು ಸವೆಯುವುದು ಎತ್ತರದ ಸ್ವರಗಳ ಕೇಳ್ಮೆ, 2,000 ಹರ್ಟ್ಜ್‌ಗಿಂತ ಮೇಲಿನದು. ಸ, ಶ, ತ, ಕ, ಪ ಇಂಥ ವ್ಯಂಜನಗಳ ಗುರುತು ಇರುವುದು ಅಲ್ಲೇ. ಅದಕ್ಕೇ ಹಿರಿಯರು 'ದನಿ ಕೇಳುತ್ತೆ, ಮಾತು ತಿಳಿಯಲ್ಲ' ಅನ್ನುತ್ತಾರೆ. ವಾಲ್ಯೂಮ್ ಏರಿಸಿದರೆ ಅ, ಆ, ಇ ಥರದ ಸ್ವರಾಕ್ಷರ ಜೋರಾಗುತ್ತದೆ, ವ್ಯಂಜನ ಬರುವುದಿಲ್ಲ. ನೀವು ಮೈಸೂರಿನಲ್ಲಿದ್ದೀರಿ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಿಮಗೆ ಅದು ನಾಲ್ಕು ಹೆಜ್ಜೆ. ಲಕ್ಷ ರೂಪಾಯಿ ಸುರಿಯುವ ಮೊದಲು ಅಮ್ಮನನ್ನು ಕರೆದುಕೊಂಡು ಹೋಗಿ ಶ್ರವಣ ಪರೀಕ್ಷೆ ಮಾಡಿಸಿ. ಕಿವಿಯದ್ದೇ ತೊಂದರೆಯಾದರೆ ಯಾವ ಸ್ಪೀಕರೂ ಅದನ್ನು ತುಂಬಿಕೊಡುವುದಿಲ್ಲ.

ಈಗ ಹಾಲ್. ಸೋಫಾವನ್ನು ಗೋಡೆಯಿಂದ ಬಿಡಿಸುವುದು ನೀವು ಮಾಡಬಹುದಾದ ಅತಿ ದೊಡ್ಡ ಸುಧಾರಣೆ. ದನಿ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. 16 ಅಡಿ ಉದ್ದದ ಕೋಣೆಯಲ್ಲಿ ಹೋಗಿ ಬರುವ ದೂರ 32 ಅಡಿ. ಭಾಗಿಸಿದರೆ 35 ಹರ್ಟ್ಜ್. ಆ ಸ್ವರ ಮತ್ತು ಅದರ ದುಪ್ಪಟ್ಟು 70 ಹರ್ಟ್ಜ್ ನಿಮ್ಮ ಹಾಲ್‌ನಲ್ಲಿ ಅಲೆಯಾಗಿ ನಿಲ್ಲುತ್ತವೆ, ಎರಡೂ ತುದಿ ಗೋಡೆಗಳಲ್ಲಿ ಅತಿ ಜೋರು. ಗೋಡೆಗೆ ತಲೆ ಆನಿಸಿ ಕೂತವರಿಗೆ ಬೇಸ್ ಗುಮ್ಮೆನ್ನುವುದು, ಆ ಗುಮ್ಮಿನಡಿ ಗಂಡಸರ ದನಿ ಹೂತುಹೋಗುವುದು ಇದರಿಂದಲೇ. ಸರಿಯಾಗಿ ನಡುವೆ, 8 ಅಡಿಯಲ್ಲಿ ಕೂತರೆ ತಿರುಗುಮುರುಗು: 35 ಹರ್ಟ್ಜ್ ಮಾಯ. ಟಿವಿ ಗೋಡೆಯಿಂದ 10 ಅಡಿಯ ಸುತ್ತ ತಲೆ ಬಂದರೆ ಎರಡು ಸ್ವರವೂ ಹದದಲ್ಲಿರುತ್ತವೆ, 55 ಇಂಚಿನ ಟಿವಿಗೂ ಒಪ್ಪುವ ದೂರ. ಹಿಂದೆ ಉಳಿಯುವ ಜಾಗದಲ್ಲಿ ಪುಸ್ತಕದ ಕಪಾಟು ಇಡಬಹುದು, ದಿವಾನ ಹಾಕಬಹುದು. ಎರಡೂ ದನಿಗೆ ಒಳ್ಳೆಯದೇ. ಅಷ್ಟು ಮುಂದೆ ತರಲು ಮನೆಯವರು ಒಪ್ಪದಿದ್ದರೆ ತಲೆಗೂ ಹಿಂದಿನ ಗೋಡೆಗೂ ಕನಿಷ್ಠ 3 ಅಡಿ ಬಿಡಿಸಿ. ಅದೂ ಆಗದಿದ್ದರೆ ತಲೆಯ ಹಿಂದಿನ ಗೋಡೆಗೆ ದನಿ ಹೀರುವ ದಪ್ಪ ಹಲಗೆ ಬೇಕೇ ಬೇಕು.

ಸೋಫಾ ಮುಂದೆ 6×8 ಅಡಿಯ ದಪ್ಪ ಕಾರ್ಪೆಟ್ ಹಾಕಿ. ನಮ್ಮ ಜಮಖಾನ ಒಂದೇ ಪದರಕ್ಕೆ ಸಾಲದು, ತೆಳ್ಳಗಿರುತ್ತದೆ. ಅದರ ಅಡಿಗೆ 6ರಿಂದ 8 ಮಿಲಿಮೀಟರ್ ಫೆಲ್ಟ್ ಹಾಸಿದರೆ ಕೆಲಸ ಮಾಡುತ್ತದೆ. ಕಿಟಕಿಗೆ ಪಾಲಿಯೆಸ್ಟರ್ ತೆರೆ ಪ್ರಯೋಜನವಿಲ್ಲ. ಭಾರದ ಬಟ್ಟೆ, ಕಿಟಕಿಯ ಅಗಲದ ಎರಡರಷ್ಟು, ನೆರಿಗೆ ಬರುವಂತೆ, ಗಾಜಿನಿಂದ ನಾಲ್ಕು ಇಂಚು ಈಚೆಗೆ ಇಳಿಬಿಡಿ. ಇವೆರಡೂ ಎತ್ತರದ ಸ್ವರಗಳನ್ನು ಹೀರುತ್ತವೆ. ಮಾತಿನ ಕೆಳಭಾಗಕ್ಕೆ ದಪ್ಪ ಬೇಕು: 50 ಮಿಲಿಮೀಟರ್ ದಪ್ಪದ, ಘನಮೀಟರಿಗೆ 48 ಅಥವಾ 64 ಕಿಲೊ ಸಾಂದ್ರತೆಯ ರಾಕ್‌ವೂಲ್ (ಕಲ್ಲಿನ ನಾರು) ಹಲಗೆ, 2×4 ಅಡಿ. ಬಡಗಿಯಿಂದ ಮರದ ಚೌಕಟ್ಟು ಮಾಡಿಸಿ, ಗೋಡೆಯಿಂದ 2 ಇಂಚು ಬಿಟ್ಟು ತೂಗುಹಾಕಿಸಿ. ಆ ಖಾಲಿ ಜಾಗ ಇನ್ನೂ ಕೆಳಗಿನ ಸ್ವರಗಳನ್ನು ಹಿಡಿಯುತ್ತದೆ. ಹೊದಿಸುವ ಬಟ್ಟೆಯನ್ನು ಬಾಯಿಗಿಟ್ಟು ಊದಿ, ಉಸಿರು ಆಚೆ ದಾಟಿದರೆ ಸರಿ. ತೆಳು ಖಾದಿ ಚೆನ್ನಾಗಿ ಆಗುತ್ತದೆ, ರೆಕ್ಸಿನ್ ಆಗುವುದಿಲ್ಲ. ರಾಕ್‌ವೂಲ್ ಎಳೆ ಚರ್ಮಕ್ಕೆ ಚುಚ್ಚುತ್ತದೆ, ಕೈಗವಸು ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಖಾದಿಯ ಒಳಗೆ ನಾನ್‌ವೋವನ್ ಬಟ್ಟೆಯ ಒಂದು ಸುತ್ತು ಇರಲಿ. ಥರ್ಮಾಕೋಲ್, ಮೊಟ್ಟೆ ಟ್ರೇ ಎರಡಕ್ಕೂ ಒಂದು ರೂಪಾಯಿ ಖರ್ಚು ಮಾಡಬೇಡಿ.

ಹಲಗೆ ಎಲ್ಲಿ? ನೀವು ಸೋಫಾದಲ್ಲಿ ಕೂತು, ಇನ್ನೊಬ್ಬರು ಎಡಗಡೆ ಗೋಡೆಯುದ್ದಕ್ಕೂ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ. ಅದು ಕಿಟಕಿಯ ಮೇಲೆ ಬಂದರೆ ತೆರೆಯೇ ಸಾಕು. ಬಲಗಡೆ ಗೋಡೆಯೇ ಇಲ್ಲವಾದ್ದರಿಂದ ಅಲ್ಲಿ ಏನೂ ಬೇಡ. ಉಳಿದಂತೆ ಹಿಂದಿನ ಗೋಡೆಗೆ ಎರಡು. ಒಟ್ಟು ಮೂರು ಹಲಗೆಗಿಂತ ಹೆಚ್ಚು ಈ ಹಾಲ್‌ಗೆ ಬೇಕಾಗುವುದಿಲ್ಲ.

ಒಂದು ಲಕ್ಷವನ್ನು ಹೀಗೆ ಹಂಚಬಹುದು: ರಿಸೀವರಿಗೆ 32 ಸಾವಿರ, ಮುಂದಿನ ಮೂರು ಸ್ಪೀಕರಿಗೆ 36 ಸಾವಿರ, ಸಬ್‌ವೂಫರಿಗೆ 22 ಸಾವಿರ, ಉಳಿದ 10 ಸಾವಿರ ತಂತಿ, ಸ್ಟ್ಯಾಂಡು, ಕಾರ್ಪೆಟ್, ಹಲಗೆಗೆ. ಎರಡು ಮೂರು ಸಾವಿರ ಆಚೀಚೆ ಆಗಲಿ, ಆದರೆ ಆ ಕೊನೆಯ ಹತ್ತನ್ನು ರಿಸೀವರಿಗೆ ಸೇರಿಸಬೇಡಿ.

ರಿಸೀವರಿನಲ್ಲಿ ನೋಡಬೇಕಾದ್ದು ವ್ಯಾಟ್ ಅಲ್ಲ. 87 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಬರುತ್ತದೆ. ನೀವು ಕೂರುವ 9 ಅಡಿ ದೂರಕ್ಕೆ ಸುಮಾರು 9 ಕಳೆದು 78. ವ್ಯಾಟ್ ದುಪ್ಪಟ್ಟಾದಾಗಲೆಲ್ಲ 3 ಡೆಸಿಬೆಲ್ ಮಾತ್ರ ಕೂಡುತ್ತದೆ. 50 ವ್ಯಾಟಿಗೆ 95 ಡೆಸಿಬೆಲ್ ಮುಟ್ಟುತ್ತೀರಿ. ಮನುಷ್ಯರ ಮಾಮೂಲು ಮಾತು 60ರಿಂದ 65. ಹಾಗಾಗಿ 70 ವ್ಯಾಟ್, 100 ವ್ಯಾಟ್ ನಡುವಿನ ಅಂತರ ನಿಮ್ಮ ಹಾಲ್‌ನಲ್ಲಿ ಒಂದೂವರೆ ಡೆಸಿಬೆಲ್, ಗೊತ್ತೇ ಆಗದಷ್ಟು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದುವ ಬಗೆಯೂ ತಿಳಿದಿರಲಿ: '20 ಹರ್ಟ್ಜ್‌ನಿಂದ 20 ಕಿಲೊಹರ್ಟ್ಜ್, ಎರಡು ಚಾನೆಲ್, 0.08% ವಿಕೃತಿ' ಅಂತಿದ್ದರೆ ನಂಬಬಹುದಾದ ಅಂಕಿ. '1 ಕಿಲೊಹರ್ಟ್ಜ್, ಒಂದು ಚಾನೆಲ್, 10% ವಿಕೃತಿ' ಅಂತಿದ್ದರೆ ಅದೇ ಯಂತ್ರದ ಉಬ್ಬಿಸಿದ ಅಂಕಿ. ಕ್ಷಣಮಾತ್ರದ ಗರಿಷ್ಠವನ್ನು ಉಬ್ಬಿಸಿ ಹೇಳುವ 'ಪಿಎಂಪಿಒ' ಅಂತ ಬರೆದಿದ್ದರೆ ಆ ಪೆಟ್ಟಿಗೆಯನ್ನೇ ಬಿಟ್ಟು ಬನ್ನಿ.

ನೋಡಬೇಕಾದ್ದು ಎರಡು. ಒಂದು, ಪೆಟ್ಟಿಗೆಯೊಳಗೆ ಮೈಕ್ ಕೊಟ್ಟು ಕೋಣೆಯನ್ನು ಅಳೆದು ಹೊಂದಿಸುವ ಸೌಲಭ್ಯ. ಯಮಾಹಾದವರು ಇದನ್ನು ವೈಪಿಎಒ ಅನ್ನುತ್ತಾರೆ, ಡೆನಾನ್‌ನ ಹಲವು ಮಾದರಿಗಳಲ್ಲಿ ಆಡಿಸ್ಸಿ ಇರುತ್ತದೆ. ಅದೇ ಕಂಪನಿಯ ಅಗ್ಗದ ಮಾದರಿಗಳಲ್ಲಿ ಮೈಕ್ ಇಲ್ಲದಿರಬಹುದು, ಕೇಳಿಯೇ ಕೊಳ್ಳಿ. ಎರಡು, ಎಚ್‌ಡಿಎಂಐ ಔಟ್ ಪಕ್ಕದಲ್ಲಿ 'ಇಆರ್ಕ್' ಅಥವಾ ಕನಿಷ್ಠ 'ಆರ್ಕ್' ಗುರುತು, ಅಂದರೆ ಟಿವಿಯ ದನಿ ಅದೇ ತಂತಿಯಲ್ಲಿ ರಿಸೀವರಿಗೆ ಬರುವ ಸೌಲಭ್ಯ. ಒಟಿಟಿಗಳು ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್‌ಗೆ ಆರ್ಕ್ ಸಾಕು. ಬ್ಲೂ-ರೇ ತಟ್ಟೆಯ ಟ್ರೂಎಚ್‌ಡಿ ಟಿವಿ ಮೂಲಕ ಹಾಯಬೇಕಾದರೆ ಮಾತ್ರ ಇಆರ್ಕ್. ಆಪ್ಟಿಕಲ್ ತಂತಿ ಹಳೆಯ ಡಾಲ್ಬಿ ಡಿಜಿಟಲ್, ಡಿಟಿಎಸ್‌ವರೆಗೆ ಮಾತ್ರ ಸಾಗಿಸುತ್ತದೆ.

ಮಧ್ಯದ ಸ್ಪೀಕರನ್ನು ಎಡ-ಬಲದ ಜೊತೆ ಒಂದೇ ಸರಣಿಯಲ್ಲಿ ಕೊಳ್ಳಿ, ಇಲ್ಲವಾದರೆ ಪಾತ್ರ ಪರದೆಯ ಒಂದು ಬದಿಯಿಂದ ನಡುವಿಗೆ ನಡೆದು ಬಂದಾಗ ದನಿಯ ಬಣ್ಣ ಬದಲಾಗುತ್ತದೆ. ಒಂದು ಎಚ್ಚರ: ಎರಡು ವೂಫರ್ (ಕೆಳಸ್ವರ ನುಡಿಸುವ ದೊಡ್ಡ ಕೋನ್) ಅಕ್ಕಪಕ್ಕ, ನಡುವೆ ಟ್ವೀಟರ್ (ಮೇಲುಸ್ವರದ ಚಿಕ್ಕದು) ಇರುವ ಅಡ್ಡ ಪೆಟ್ಟಿಗೆಗಳಲ್ಲಿ, ಪಕ್ಕಕ್ಕೆ ಸರಿದು ಕೂತವರಿಗೆ ಎರಡು ವೂಫರಿನ ದನಿ ಬೇರೆ ಬೇರೆ ಹೊತ್ತಿಗೆ ತಲುಪಿ ಮಾತಿನ ಭಾಗವೇ ಒಂದನ್ನೊಂದು ಕಳೆದುಕೊಳ್ಳುತ್ತದೆ. ಟ್ವೀಟರ್ ಅಡಿಯಲ್ಲಿ ಪ್ರತ್ಯೇಕ ಮಿಡ್‌ರೇಂಜ್ ಇರುವ ಮಾದರಿಯಲ್ಲಿ ಇದು ಕಡಿಮೆ, ಬೆಲೆ ಮೇಲೆ. ನಿಮ್ಮ ಬಜೆಟ್ಟಿಗೆ ಮೊದಲನೆಯ ಬಗೆಯೇ ಸಿಗುವುದು, ಅದಕ್ಕೆ ಸುಲಭ ಮದ್ದು: ಟಿವಿಯ ನೇರಕ್ಕಿರುವ ನಡುವಿನ ಸೀಟು ಅಮ್ಮನದಾಗಲಿ.

ಎಡ-ಬಲಕ್ಕೆ 5.25 ಅಥವಾ 6.5 ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸಾಕು, ನಿಲ್ಲುವ ಗೋಪುರ ಸ್ಪೀಕರ್ ಬೇಡ. ಸಬ್‌ವೂಫರ್ ಇರುವಾಗ ಗೋಪುರದ ಕೆಳಸ್ವರಕ್ಕೆ ಕೊಟ್ಟ ಹಣ ಸುಮ್ಮನೆ ಕೂರುತ್ತದೆ. ಸಬ್‌ವೂಫರಿನ ಲೆಕ್ಕದಲ್ಲಿ ಊಟದ ಜಾಗವನ್ನೂ ಸೇರಿಸಬೇಕು. ಹಾಲ್ 1,920 ಘನ ಅಡಿ, ತೆರೆದ ಊಟದ ಜಾಗ ಇನ್ನೊಂದು ಸಾವಿರ ಅಂದುಕೊಂಡರೂ 3,000 ಮುಟ್ಟುತ್ತದೆ. 8 ಇಂಚಿನದು ಅಷ್ಟು ಗಾಳಿಯನ್ನು ಅಲುಗಿಸಲಾರದೆ ಏದುಸಿರು ಬಿಡುತ್ತದೆ. 10 ಇಂಚು ಕನಿಷ್ಠ, 12 ಸಿಕ್ಕರೆ ಒಳ್ಳೆಯದು. ಅಂಗಡಿಯಲ್ಲಿ ಪರೀಕ್ಷಿಸುವಾಗ ಫೈಟ್ ದೃಶ್ಯ ಹಾಕಿಸಬೇಡಿ, ಅದು ಯಾವುದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ಸಂಗೀತವಿಲ್ಲದ ವಾರ್ತೆಯ ದನಿ ಐದು ನಿಮಿಷ ಕೇಳಿ, ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದ ಊರಿನವರಿಗೆ ಆ ದನಿಯ ಗುರುತು ಹೇಳಿಕೊಡಬೇಕಿಲ್ಲ. ಡಬ್ಬದೊಳಗಿಂದ ಬಂದ ಹಾಗಿದ್ದರೆ ಬೇಡ. ಆಮೇಲೆ ಕಂಸಾಳೆ, ತಮಟೆ. ಕಂಸಾಳೆಯ ಲೋಹದ ಸದ್ದು ಕಿವಿಗೆ ಚುಚ್ಚದೆ ಬಿಡಿಬಿಡಿಯಾಗಿ ಬರಬೇಕು, ತಮಟೆಯ ಏಟು ಬಿದ್ದ ಕ್ಷಣಕ್ಕೇ ನಿಲ್ಲಬೇಕು.

ಸೌಂಡ್‌ಬಾರ್ ತಪ್ಪಲ್ಲ. ಬಾಡಿಗೆ ಮನೆ, 30 ಸಾವಿರದೊಳಗಿನ ಬಜೆಟ್, ತಂತಿಯೇ ಕಾಣಬಾರದು ಅನ್ನುವವರಿಗೆ ಅದೇ ಸರಿ, ಆಗಲೂ 2.1 ಬಿಟ್ಟು, ಮಾತಿಗೆ ಪ್ರತ್ಯೇಕ ಸ್ಪೀಕರ್ ಇರುವ 3.1 ಕೊಳ್ಳಬೇಕು. ನಿಮ್ಮದು ಸ್ವಂತ ಮನೆ, ಒಂದು ಲಕ್ಷ ಇದೆ. ಬಾರ್‌ನ ಒಂದು ಭಾಗ ಕೆಟ್ಟರೆ ಇಡೀ ಸೆಟ್ಟು ಮೂಲೆಗೆ. ಬಿಡಿ ಸ್ಪೀಕರುಗಳು ರಿಸೀವರ್ ಬದಲಾದರೂ ಹದಿನೈದು ಇಪ್ಪತ್ತು ವರ್ಷ ಬಾಳುತ್ತವೆ. ಅಟ್ಮಾಸ್ ಈಗ ಬೇಡ. ಮೇಲಕ್ಕೆ ದನಿ ಎಸೆಯುವ ಸ್ಪೀಕರಿಗೆ ಸಪಾಟಾದ ಗಟ್ಟಿ ತಾರಸಿ ಬೇಕು, ನಿಮ್ಮಲ್ಲಿ ಅದಿದೆ, ಆದರೆ ಆ ಹಣ ಮಾತಿಗೆ ಏನೂ ಮಾಡುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಅಟ್ಮಾಸ್ ಬರುವುದೇ ಮೇಲಿನ ದರದ ಪ್ಲಾನ್‌ಗೆ.

ಹಳೆಯ ಡಿವಿಡಿ ಸೆಟ್ಟಿನ ಸ್ಪೀಕರುಗಳ ಹಿಂದೆ ಇಂಪಿಡೆನ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಓದಿ. ಅಂಥವು ಹಲವು 3 ಅಥವಾ 4 ಓಮ್ ಇರುತ್ತವೆ. ಸಾಮಾನ್ಯ ರಿಸೀವರ್ ಕೇಳುವುದು 6 ಓಮ್ ಅಥವಾ ಮೇಲೆ. 3 ಓಮ್ ಹಾಕಿದರೆ ದುಪ್ಪಟ್ಟು ಕರೆಂಟ್ ಎಳೆದು ರಿಸೀವರ್ ಕಾದು 'ಪ್ರೊಟೆಕ್ಟ್' ಅಂತ ಆರಿಹೋಗುತ್ತದೆ, ಪದೇ ಪದೇ ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತದೆ. 6 ಅಥವಾ 8 ಓಮ್ ಇದ್ದರೆ ಎರಡನ್ನು ಹಿಂದಿನ ಸ್ಪೀಕರಾಗಿ ತಾತ್ಕಾಲಿಕವಾಗಿ ಬಳಸಿ. ಮಧ್ಯಕ್ಕೆ ಮಾತ್ರ ಬೇಡವೇ ಬೇಡ. ಆ ಸೆಟ್ಟಿನ ಸಬ್‌ವೂಫರಿಗೆ ಸ್ವಂತ ಆಂಪ್ಲಿಫೈಯರ್ ಇರುವುದಿಲ್ಲ, ಅದು ಕೂಡುವುದಿಲ್ಲ.

ಇಡುವ ಜಾಗದ ಅಳತೆ. ಎಡ-ಬಲ ಸ್ಪೀಕರುಗಳ ನಡುವೆ 8 ಅಡಿ, ಎರಡೂ ಕಡೆ 2 ಅಡಿ ಬಿಡಿ. ಸ್ಪೀಕರಿನ ಮುಖ ಗೋಡೆಯಿಂದ ಒಂದಡಿ ಈಚೆಗೆ ಇದ್ದು ನಿಮ್ಮ ತಲೆ 9 ಅಡಿ ದೂರದಲ್ಲಿದ್ದರೆ, ನೇರ ರೇಖೆಯಿಂದ ಪ್ರತಿ ಸ್ಪೀಕರ್ ಸುಮಾರು 24 ಡಿಗ್ರಿ. 22ರಿಂದ 30 ಅನ್ನುವ ಅಳತೆಗೆ ಸರಿ ಕೂರುತ್ತದೆ. ಟ್ವೀಟರ್ ಕೂತವರ ಕಿವಿ ಎತ್ತರಕ್ಕೆ, ನೆಲದಿಂದ ಮೂರು, ಮೂರೂಕಾಲು ಅಡಿ. ಮಧ್ಯದ್ದು ಟಿವಿ ಕೆಳಗೆ ಬರುವುದರಿಂದ ತಗ್ಗಾಗುತ್ತದೆ: ಅದರ ಮುಂಭಾಗವನ್ನು ಟಿವಿ ಯೂನಿಟ್ಟಿನ ಅಂಚಿಗೆ ಸಮನಾಗಿ, ಅಥವಾ ಕೂದಲೆಳೆ ಮುಂದೆ ತಂದು, ಮುಂಗಾಲಿಗೆ ರಬ್ಬರ್ ಬಾಗಿಲುತಡೆ ಕೊಟ್ಟು ಮುಖವನ್ನು ಅಮ್ಮನ ಕಿವಿಯತ್ತ ಎತ್ತಿ. ಯೂನಿಟ್ಟಿನ ಗೂಡಿನೊಳಗೆ ತಳ್ಳಿದರೆ ಆ ಗೂಡೇ ಅನುರಣಿಸಿ ಮಾತು ಮಬ್ಬಾಗುತ್ತದೆ. ಮೇಲೆ ದೇವರ ಫೋಟೊ, ಗೊಂಬೆ ಇಡಬೇಡಿ, ನಡುಗುತ್ತವೆ.

ಹಿಂದಿನವು ಬರುವಾಗ: ಕಿವಿಯ ನೇರಕ್ಕಿಂತ ಎರಡಡಿ ಹಿಂದೆ, 110 ಡಿಗ್ರಿಯ ಆಸುಪಾಸು, ನೆಲದಿಂದ ಐದಡಿ ಎತ್ತರ. ಎಡಕ್ಕೆ ಗೋಡೆ ಬ್ರಾಕೆಟ್, ಬಲಕ್ಕೆ ಗೋಡೆ ಇಲ್ಲದ್ದರಿಂದ ಸ್ಟ್ಯಾಂಡು. ಎರಡರ ಎತ್ತರವೂ ಒಂದೇ ಇರಲಿ, ದೂರದ ಹೆಚ್ಚುಕಡಿಮೆಯನ್ನು ರಿಸೀವರ್ ಸರಿಮಾಡುತ್ತದೆ.

ತಂತಿಗೆ ಪೂರ್ತಿ ತಾಮ್ರದ 1.5 ಚದರ ಮಿಲಿಮೀಟರ್ ಸಾಕು. 10 ಮೀಟರ್ ದೂರಕ್ಕೆ ಹೋಗಿ ಬರುವ ಎರಡು ಎಳೆ ಸೇರಿ ಪ್ರತಿರೋಧ ಕಾಲು ಓಮ್ ಕೂಡ ದಾಟುವುದಿಲ್ಲ, 6 ಓಮ್ ಸ್ಪೀಕರಿಗೆ 4% ಮಾತ್ರ. ತಾಮ್ರದ ಲೇಪನ ಕೊಟ್ಟ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ, ಅದು ಬೇಡ. ಮನೆಯ ವೈರಿಂಗ್ ಮತ್ತೆ ಮಾಡಿಸುವುದಿದ್ದರೆ ಸ್ಪೀಕರ್ ತಂತಿಗೆ ಬೇರೆಯೇ 25 ಮಿಲಿಮೀಟರ್ ಪೈಪು, 230 ವೋಲ್ಟ್ ಪೈಪಿನಿಂದ ಒಂದಡಿ ದೂರ.

ಜೋಡಿಸುವಾಗ ಪ್ಲಗ್ ಗೋಡೆಯಿಂದ ಕಿತ್ತಿರಲಿ. ತುದಿಯ ಪ್ಲಾಸ್ಟಿಕನ್ನು 10ರಿಂದ 12 ಮಿಲಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸೇರಿಸಿ. ಒಂದೇ ಒಂದು ಎಳೆ ಪಕ್ಕದ ಗುಂಡಿಗೆ ತಾಗಿದರೂ ರಿಸೀವರ್ ಆನ್ ಆಗಿ ಮರುಗಳಿಗೆ ಆಫ್ ಆಗುತ್ತದೆ. 'ಹೊಸದೇ ಕೆಟ್ಟು ಬಂದಿದೆ' ಅಂತ ವಾಪಸ್ ಒಯ್ಯುವ ಮೊದಲು ಎಲ್ಲ ತುದಿಗಳನ್ನೂ ನೋಡಿ. ಬನಾನಾ ಪ್ಲಗ್ ಹಾಕಿದರೆ ಈ ಭಯವಿಲ್ಲ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಅನುಮಾನ ಬಂದರೆ ರಿಸೀವರ್ ಕಡೆಯ ತುದಿ ಬಿಡಿಸಿ, ಕೆಂಪಿಗೆ 1.5 ವೋಲ್ಟ್ ಪೆನ್ಸಿಲ್ ಸೆಲ್‌ನ ಧನ ತುದಿಯನ್ನು, ಕಪ್ಪಿಗೆ ಋಣ ತುದಿಯನ್ನು ಕ್ಷಣ ಮಾತ್ರ ತಾಗಿಸಿ: ವೂಫರ್ ಹೊರಕ್ಕೆ ಉಬ್ಬಿದರೆ ಸರಿ, ಒಳಕ್ಕೆ ಹೋದರೆ ತಂತಿ ತಿರುಗಿದೆ. ಎಡ-ಬಲದಲ್ಲಿ ಒಂದು ತಿರುಗಿದ್ದರೂ ಬೇಸ್ ತೆಳುವಾಗಿ, ಹಾಡುವವರ ದನಿ ನಡುವೆ ನಿಲ್ಲದೆ ಗಾಳಿಯಲ್ಲಿ ತೇಲುತ್ತದೆ.

ಟಿವಿಯ ಆರ್ಕ್ ಎಂದು ಬರೆದ ಪೋರ್ಟಿನಿಂದಲೇ ರಿಸೀವರಿನ ಎಚ್‌ಡಿಎಂಐ ಔಟ್‌ಗೆ ತಂತಿ. ಟಿವಿಯಲ್ಲಿ ಸಿಇಸಿ (ಟಿವಿ, ರಿಸೀವರ್ ಒಂದನ್ನೊಂದು ನಿಯಂತ್ರಿಸುವ ಆಯ್ಕೆ) ಆನ್ ಮಾಡಿ, ಡಿಜಿಟಲ್ ಆಡಿಯೊವನ್ನು 'ಪಿಸಿಎಂ'ನಿಂದ 'ಪಾಸ್ ಥ್ರೂ' ಅಥವಾ 'ಬಿಟ್‌ಸ್ಟ್ರೀಮ್'ಗೆ ಬದಲಿಸಿ. ಇದೊಂದು ತಪ್ಪಿದರೆ ಲಕ್ಷ ರೂಪಾಯಿ ಸೆಟ್ಟಿನಲ್ಲೂ ಸ್ಟೀರಿಯೊನೇ ಬರುತ್ತದೆ, ಮಧ್ಯದ ಸ್ಪೀಕರ್ ಮೂಕವಾಗಿ ಕೂರುತ್ತದೆ. ಸಿನಿಮಾ ಹಾಕಿದಾಗ ರಿಸೀವರಿನ ಮುಖದಲ್ಲಿ 'ಡಾಲ್ಬಿ ಡಿಜಿಟಲ್ ಪ್ಲಸ್' ಬರಬೇಕು. ಕೇಬಲ್ ಚಾನೆಲ್ ಅಥವಾ ಸ್ಟೀರಿಯೊ ಟ್ರ್ಯಾಕ್ ಆದರೆ 'ಡಾಲ್ಬಿ ಸರೌಂಡ್' ಮೋಡ್ ಒತ್ತಿ, ಅದು ಮಾತನ್ನು ಮಧ್ಯಕ್ಕೆ ಎಳೆದು ತರುತ್ತದೆ. ತುಟಿಗಿಂತ ಮಾತು ಮೊದಲು ಬಂದರೆ ರಿಸೀವರಿನಲ್ಲಿ ಆಡಿಯೊ ಡಿಲೇ 20 ಮಿಲಿಸೆಕೆಂಡಿನಂತೆ ಏರಿಸುತ್ತ ಹೋಗಿ.

ಸಬ್‌ವೂಫರಿನ ಜಾಗ ಹುಡುಕಲು ಅದನ್ನೇ ಸೋಫಾದ ಮೇಲೆ, ನೀವು ಕೂರುವಲ್ಲಿ ಇಡಿ. ಮೇಲೆ ಕೆಳಗೆ ಓಡಾಡುವ ಬೇಸ್ ಇರುವ ಹಾಡು ಹಾಕಿ, ಗೋಡೆಯುದ್ದಕ್ಕೂ ಮಂಡಿಯೂರಿ ಕಿವಿ ತಗ್ಗಿಸಿ ಸರಿಯಿರಿ. ಎಲ್ಲ ಸ್ವರವೂ ಒಂದೇ ಸಮ ಕೇಳುವ ಜಾಗದಲ್ಲಿ ಸಬ್‌ವೂಫರ್ ನಿಲ್ಲಲಿ. ಅತಿ ಜೋರು ಕೇಳುವ ಜಾಗ ಅಲ್ಲ, ಸಮ ಕೇಳುವ ಜಾಗ. ಹಿಂಬದಿ ತೂತು ಇರುವ ಮಾದರಿಯಾದರೆ ಗೋಡೆಯಿಂದ ಆರೇಳು ಇಂಚು ಬಿಡಿ. ಅದರ ವಾಲ್ಯೂಮ್ ಅರ್ಧಕ್ಕೆ, ಕ್ರಾಸ್‌ಓವರ್ (ಯಾವ ಸ್ವರದವರೆಗೆ ಸಬ್‌ವೂಫರಿಗೆ ಅನ್ನುವ ಗಡಿ) ತಿರುಗಣೆ ಪೂರ್ತಿ ಮೇಲಕ್ಕೆ ಅಥವಾ 'ಎಲ್‌ಎಫ್‌ಇ'ಗೆ. ಹಂಚುವ ಕೆಲಸ ರಿಸೀವರ್ ಮಾಡುತ್ತದೆ, ಎರಡು ಕಡೆ ಕತ್ತರಿಸಿದರೆ ನಡುವೆ ಹಳ್ಳ ಬೀಳುತ್ತದೆ.

ಮೈಕ್ ಅಳತೆಗೆ ರಾತ್ರಿ ಹತ್ತರ ಮೇಲಿನ ಹೊತ್ತು ಒಳ್ಳೆಯದು: ಫ್ಯಾನ್ ಆಫ್, ಬಾಗಿಲು ಮುಚ್ಚಿ, ಎಲ್ಲರೂ ಮೌನ. ಮೈಕನ್ನು ಸೋಫಾ ಬೆನ್ನಿಗೆ ಒರಗಿಸಬೇಡಿ. ಟ್ರೈಪಾಡಿನಲ್ಲಿ ಕಿವಿ ಎತ್ತರಕ್ಕೆ, ಮೊದಲು ಅಮ್ಮನ ಸೀಟು, ಯಂತ್ರ ಕೇಳಿದರೆ ಆಮೇಲೆ ಅಕ್ಕಪಕ್ಕ. ಮುಗಿದ ಮೇಲೆ ಅದು ಹೇಳಿದ್ದನ್ನು ಒಪ್ಪಿ ಬಿಡಬೇಡಿ. ಎಲ್ಲ ಸ್ಪೀಕರೂ 'ಸ್ಮಾಲ್' ಇರಬೇಕು, ಅದು ಗಾತ್ರದ ಮಾತಲ್ಲ, ಕೆಳಸ್ವರವನ್ನು ಸಬ್‌ವೂಫರಿಗೆ ಕಳಿಸು ಅನ್ನುವ ಸೂಚನೆ. ಕ್ರಾಸ್‌ಓವರ್ 80 ಹರ್ಟ್ಜ್. ಸಬ್‌ವೂಫರಿನ ದೂರ ಟೇಪಿನ ಅಳತೆಗಿಂತ ಹೆಚ್ಚು ಬಂದಿದ್ದರೆ ಮುಟ್ಟಬೇಡಿ, ಅದರ ಒಳಗಿನ ಸರ್ಕ್ಯೂಟ್ ದನಿಯನ್ನು ತಡಮಾಡುವುದನ್ನೂ ಯಂತ್ರ ಲೆಕ್ಕಕ್ಕೆ ಹಿಡಿದಿದೆ. ಅದರ ಮಟ್ಟ ಕನಿಷ್ಠದ ಅಂಚಿಗೆ ತಾಗಿದ್ದರೆ ಸಬ್‌ವೂಫರಿನ ತಿರುಗಣೆ ಇಳಿಸಿ ಮತ್ತೆ ಅಳೆಯಿರಿ. ಕೊನೆಗೆ ಮಧ್ಯದ ಸ್ಪೀಕರನ್ನು ಕೈಯಾರೆ 2 ಡೆಸಿಬೆಲ್ ಏರಿಸಿ. 4 ದಾಟಿದರೆ ಮಾತು ಪರದೆಯಿಂದ ಕಿತ್ತು ಬಂದ ಹಾಗಾಗುತ್ತದೆ.

'ಗುಂಯ್' ಅನ್ನುವ ಸದ್ದು ನಿಲ್ಲದಿದ್ದರೆ ಮೊದಲು ಸೆಟ್‌ಟಾಪ್ ಬಾಕ್ಸಿನ ಕೇಬಲ್ ಟಿವಿ ತಂತಿ ಕಿತ್ತು ನೋಡಿ. ನಿಂತರೆ, ಬೀದಿಯ ಕೇಬಲ್‌ನ ಅರ್ಥಿಂಗೂ ಮನೆಯದ್ದೂ ಜಗಳವಾಡುತ್ತಿವೆ. ಕೇಬಲಿನವರಿಂದ ಐಸೊಲೇಟರ್ ಹಾಕಿಸಿ. ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ, 3 ವೋಲ್ಟ್ ಮೀರಿದರೆ ಅರ್ಥಿಂಗ್ ಗುಂಡಿಗೆ ಕೆಲಸವಿದೆ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯ ಪ್ರಾಣಕ್ಕೆ ಅಪಾಯ. ರಿಸೀವರಿನ ಮೇಲೆ ಐದಾರು ಇಂಚು ಖಾಲಿ ಇರಲಿ, ಸೆಟ್‌ಟಾಪ್ ಬಾಕ್ಸ್ ಅದರ ತಲೆಯ ಮೇಲೆ ಕೂರಬಾರದು. ಏಪ್ರಿಲ್-ಮೇ ಗುಡುಗು ಮಳೆಗೆ ಸರ್ಜ್ ಪ್ರೊಟೆಕ್ಟರ್ ನಂಬಿ ಕೂರಬೇಡಿ: ಪ್ಲಗ್ ಜೊತೆ ಕೇಬಲ್ ತಂತಿ, ಇಂಟರ್ನೆಟ್ ತಂತಿ ಎರಡನ್ನೂ ಕೀಳಿ. ಸಿಡಿಲು ಅವುಗಳಿಂದಲೂ ಒಳಗೆ ಬಂದು ಎಚ್‌ಡಿಎಂಐ ಬೋರ್ಡ್ ಸುಡುತ್ತದೆ.

ಪಕ್ಕದ ಮನೆ. ಮಾತು, ಸಂಗೀತದ ಮೇಲುಸ್ವರ ನಿಮ್ಮ ಗೋಡೆ ದಾಟುವುದು ಕಷ್ಟ, ದಾಟುವುದು ಬೇಸ್. ಸಬ್‌ವೂಫರ್ ಅಡಿಯ ರಬ್ಬರ್ ಪ್ಯಾಡ್ ನೆಲದ ನಡುಕ ತಗ್ಗಿಸುತ್ತದೆ, ಗಾಳಿಯಲ್ಲಿ ಹೋಗುವುದನ್ನಲ್ಲ. ಕಿಟಕಿ ಇರುವ ಎಡಗೋಡೆ ಅವರ ಕಡೆಗಿದ್ದರೆ ಸಬ್‌ವೂಫರನ್ನು ಟಿವಿ ಯೂನಿಟ್ಟಿನ ಬಲಕ್ಕೆ ತನ್ನಿ, ಒಂದಿಷ್ಟು ಬೇಸ್ ಕಡಿಮೆಯಾದರೂ ಪರವಾಗಿಲ್ಲ. ರಾತ್ರಿ ಒಂಬತ್ತರ ಮೇಲೆ ರಿಸೀವರಿನ 'ನೈಟ್ ಮೋಡ್' ಅಥವಾ 'ಡಿಆರ್‌ಸಿ' ಹಾಕಿ: ಜೋರಿನದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುತ್ತದೆ, ನಿಮ್ಮ ಫೈಟ್-ಮಾತಿನ ದೂರಿಗೂ ಇದೇ ಮದ್ದು, ಹಗಲಲ್ಲೂ ಹಾಕಬಹುದು. ಜೊತೆಗೆ ಸಬ್‌ವೂಫರ್ ಮಟ್ಟ 6 ಡೆಸಿಬೆಲ್ ಇಳಿಸಿ. ಸೆಟ್ಟು ಕೂರಿಸಿದ ವಾರವೇ ಒಂದು ರಾತ್ರಿ ಸಿನಿಮಾ ಹಾಕಿಟ್ಟು, ಪಕ್ಕದವರ ಮಲಗುವ ಕೋಣೆಯಲ್ಲಿ ನಿಂತು ಕೇಳುತ್ತೇನೆ ಅಂತ ಅವರನ್ನೇ ಕೇಳಿ. ಫೋನಿನಲ್ಲಿ ಮನೆಯವರಿಗೆ ಹೇಳಿ ವಾಲ್ಯೂಮ್ ಇಳಿಸುತ್ತ ಬನ್ನಿ. ಅಲ್ಲಿ ಗುಮ್ಮು ನಿಂತಾಗ ರಿಸೀವರ್ ತೋರಿಸುವ ಅಂಕಿಯನ್ನು ಬರೆದು ರಿಮೋಟ್ ಹಿಂದೆ ಅಂಟಿಸಿ.